ಒಂದು ಅಂಕದ ಆಯುಷ್ಯ

ಪ್ರತಿವರ್ಷ ರಾಜ್ಯೋತ್ಸವದ ಸಮಾರಂಭದಲ್ಲಿ ನಮ್ಮ ಸಂಘವು ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳನ್ನು ವೇದಿಕೆಗೆ ಕರೆದು ಸನ್ಮಾನಿಸುವುದು ವಾಚಕರಿಗೆಲ್ಲ ತಿಳಿದ ಸಂಗತಿಯೇ. ಒಂದು ಶಾಲು, ಒಂದು ಪುಸ್ತಕ, ಒಂದು ಲಕೋಟೆ, ಎರಡು ಫೋಟೋ. ಕಳೆದ ಸಲ ಆ ಮಕ್ಕಳ ಹೆಸರು ಓದುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಓದಿ ಮುಗಿಸಿ ಕೆಳಗಿಳಿದ ಮೇಲೆ ಒಂದು ವಿಷಯ ಗಮನಕ್ಕೆ ಬಂತು. ಎಷ್ಟೋ ವರ್ಷಗಳಿಂದ ಒಂದು ಕಾರ್ಯಕ್ರಮವನ್ನೂ ತಪ್ಪಿಸದ, ಊಟದ ಪಂಕ್ತಿಯಲ್ಲಿ ಬಡಿಸಲು ಎಲ್ಲರಿಗಿಂತ ಮೊದಲು ನಿಲ್ಲುವ ಕುಟುಂಬವೊಂದು ಅಂದು ಬಂದಿರಲಿಲ್ಲ. ವಿಚಾರಿಸಿದಾಗ ತಿಳಿಯಿತು: ಅವರ ಮಗ ಹನ್ನೆರಡನೆಯದರಲ್ಲಿ ಒಂದು ವಿಷಯದಲ್ಲಿ ನಪಾಸಾಗಿ ಮತ್ತೆ ಪರೀಕ್ಷೆಗೆ ಕೂತಿದ್ದಾನೆ, “ಹೋದರೆ ಎಲ್ಲರೂ ಕೇಳುತ್ತಾರೆ” ಎಂದು ಮನೆಯವರು ಬಾಗಿಲು ಹಾಕಿಕೊಂಡಿದ್ದಾರೆ.

ಅದೇ ರಾತ್ರಿ ಅಮೆರಿಕದಿಂದ ನಮ್ಮ ಅಕ್ಕನ ಮಗಳ ಫೋನು ಬಂತು. ಅಕ್ಕ-ಭಾವ ಅಲ್ಲಿಗೆ ಹೋಗಿ ಇಪ್ಪತ್ತು ವರ್ಷವಾಯಿತು. ಹುಡುಗಿ ಅಲ್ಲೇ ಬೆಳೆದವಳು, ಡಾಕ್ಟರಾಗಬೇಕೆಂದು ಹಟ ಹಿಡಿದವಳು. ಕಾಲೇಜಿನ ಎರಡನೆಯ ವರ್ಷದ ಸಾವಯವ ರಸಾಯನಶಾಸ್ತ್ರದಲ್ಲಿ ನಪಾಸಾಗಿದ್ದಳು. “ಮಾವ, ಮತ್ತೆ ಓದಿ ಪಾಸು ಮಾಡಿದರೂ ಹಳೆಯದು ಹೋಗೋದಿಲ್ಲವಂತೆ. ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕುವಾಗ ಎರಡನ್ನೂ ಲೆಕ್ಕಕ್ಕೆ ಹಿಡಿಯುತ್ತಾರಂತೆ” ಎಂದು ಅತ್ತಳು. ಸಮಾಧಾನ ಹೇಳುವ ಹಕ್ಕು ನಮಗೆ ಉಂಟು. ನಾವೂ ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಅದೇ ರಸಾಯನಶಾಸ್ತ್ರದಲ್ಲಿ 35 ಬೇಕಾದಲ್ಲಿ 31 ತಂದವರು. ಆದರೆ ಅವಳ ಪ್ರಶ್ನೆಗೆ ಉತ್ತರ ನಮ್ಮಲ್ಲಿರಲಿಲ್ಲ. ಒಮ್ಮೆ ಬಿದ್ದ ಅಂಕಕ್ಕೆ ಎಷ್ಟು ಆಯುಷ್ಯ? ಅದನ್ನು ನಿರ್ಧರಿಸುವವರು ಯಾರು? ಆಮೇಲೆ ಕೆಲವು ತಿಂಗಳು, ಕಚೇರಿ ಮುಗಿಸಿ ಬಂದ ಮೇಲೆ ಸಿಕ್ಕ ಪುಸ್ತಕ, ವರದಿಗಳನ್ನೆಲ್ಲ ಓದುತ್ತ ಹೋದೆವು. ತಿಳಿದುಕೊಂಡದ್ದನ್ನು ಇಲ್ಲಿ ವಾಚಕರ ಮುಂದೆ ಇಡುತ್ತಿದ್ದೇವೆ.

ನಮ್ಮಲ್ಲಿ ಹನ್ನೆರಡನೆಯ ತರಗತಿ ಮುಗಿದ ಕೂಡಲೇ ಮೆಡಿಕಲ್ ಸೇರಬಹುದು. ಅಮೆರಿಕದ ಪದ್ಧತಿ ಬೇರೆ. ಅಲ್ಲಿ ಸಾಮಾನ್ಯವಾಗಿ ಮೊದಲು ನಾಲ್ಕು ವರ್ಷದ ಪದವಿ, ಆಮೇಲೆ ನಾಲ್ಕು ವರ್ಷ ವೈದ್ಯಕೀಯ. ಹೀಗಾಗಿ ಪದವಿ ಕಾಲೇಜಿನ ಒಂದೊಂದು ವಿಷಯದ ಫಲಿತಾಂಶವೂ ಮೆಡಿಕಲ್ ಕಾಲೇಜಿನ ಮೇಜಿನ ಮೇಲೆ ಬಂದು ಬೀಳುತ್ತದೆ. ಈ ಏರ್ಪಾಟು ಮೊದಲಿನಿಂದಲೂ ಇದ್ದದ್ದಲ್ಲ. 1870ರ ಸುಮಾರಿಗೆ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ತಮ್ಮ ಮೆಡಿಕಲ್ ಕಾಲೇಜಿನಲ್ಲಿ ಲಿಖಿತ ಪರೀಕ್ಷೆ ತರಲು ಹೊರಟಾಗ, ಅಲ್ಲಿನ ಹಿರಿಯರು ಅದು ಸಾಧ್ಯವೇ ಇಲ್ಲ ಎಂದರಂತೆ. ಕಾರಣ, ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿಗೆ ಸರಿಯಾಗಿ ಬರೆಯಲು ಬರುತ್ತಿರಲಿಲ್ಲ! ಶುಲ್ಕ ಕೊಟ್ಟವನಿಗೆ ಪ್ರವೇಶ ಎಂಬುದೇ ಅಂದಿನ ಬಹುಪಾಲು ಕಾಲೇಜುಗಳ ನಿಯಮವಾಗಿತ್ತು.

ಬದಲಾವಣೆಗೆ ನಾಂದಿ ಹಾಡಿದ್ದು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್. 1893ರಲ್ಲಿ ಆರಂಭವಾದ ಆ ಮೆಡಿಕಲ್ ಕಾಲೇಜಿಗೆ ಹಣ ಸಾಲದೆ ಬಂದಾಗ ಮೇರಿ ಗ್ಯಾರೆಟ್ ಎಂಬ ಶ್ರೀಮಂತ ಮಹಿಳೆ ದೊಡ್ಡ ಮೊತ್ತ ಕೊಟ್ಟರು. ಆದರೆ ಷರತ್ತು ಹಾಕಿ ಕೊಟ್ಟರು: ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿರಬೇಕು, ಬರುವವರೆಲ್ಲ ವಿಜ್ಞಾನ ಓದಿದ ಪದವೀಧರರಾಗಿರಬೇಕು. ಅಲ್ಲಿನ ಪ್ರಸಿದ್ಧ ವೈದ್ಯ ವಿಲಿಯಂ ಆಸ್ಲರ್ ತಮ್ಮ ಸಹೋದ್ಯೋಗಿ ವೆಲ್ಚ್ ಅವರಿಗೆ, ನಾವು ಪ್ರಾಧ್ಯಾಪಕರಾಗಿ ಒಳಗೆ ಬಂದದ್ದು ನಮ್ಮ ಪುಣ್ಯ, ವಿದ್ಯಾರ್ಥಿಗಳಾಗಿದ್ದರೆ ನಮಗೆ ಪ್ರವೇಶವೇ ಸಿಗುತ್ತಿರಲಿಲ್ಲ ಎಂಬ ಅರ್ಥದ ಮಾತು ಹೇಳಿ ನಕ್ಕರಂತೆ. ಆಧುನಿಕ ವೈದ್ಯಶಿಕ್ಷಣದ ಗುರುಗಳಲ್ಲೊಬ್ಬರ ಬಾಯಿಂದ ಬಂದ ಈ ನಗೆಮಾತಿನಲ್ಲಿ ಸತ್ಯವೂ ಇತ್ತೆಂದು ನಮಗೆ ತೋರುತ್ತದೆ.

ನಂತರ ಬಂದದ್ದು 1910ರ ಫ್ಲೆಕ್ಸ್ನರ್ ವರದಿ. ಅಬ್ರಹಾಂ ಫ್ಲೆಕ್ಸ್ನರ್ ವೈದ್ಯರಲ್ಲ, ಶಾಲಾ ಉಪಾಧ್ಯಾಯರಾಗಿದ್ದವರು. ಕಾರ್ನೆಗಿ ಪ್ರತಿಷ್ಠಾನದ ಪರವಾಗಿ ಅವರು ಅಮೆರಿಕ ಮತ್ತು ಕೆನಡಾದ 155 ಮೆಡಿಕಲ್ ಕಾಲೇಜುಗಳಿಗೆ ಖುದ್ದಾಗಿ ಭೇಟಿ ಕೊಟ್ಟು, ಪ್ರಯೋಗಶಾಲೆ ಎಲ್ಲಿಲ್ಲ, ಶವಚ್ಛೇದನದ ಕೋಣೆ ಎಲ್ಲಿ ನಾರುತ್ತದೆ ಎಂಬುದನ್ನೆಲ್ಲ ಮುಲಾಜಿಲ್ಲದೆ ಬರೆದರು. ಕಾಲೇಜುಗಳು ಮುಚ್ಚುವುದು ಅದಕ್ಕೆ ಮೊದಲೇ ಶುರುವಾಗಿತ್ತು. ವರದಿ ಅದಕ್ಕೆ ವೇಗ ಕೊಟ್ಟಿತು. 1904ರಲ್ಲಿ ಅಮೆರಿಕದಲ್ಲಿ 160 ಇದ್ದ ಮೆಡಿಕಲ್ ಕಾಲೇಜುಗಳು 1920ಕ್ಕೆ 85ಕ್ಕೆ ಇಳಿದವು. ರೋಗಿಗಳಿಗೆ ಇದರಿಂದ ಒಳಿತಾಯಿತು, ಸಂಶಯವಿಲ್ಲ. ಆದರೆ ಕರಿಯ ಜನರಿಗಾಗಿ ಇದ್ದ ಏಳು ಕಾಲೇಜುಗಳಲ್ಲಿ ವಾಷಿಂಗ್ಟನ್ನಿನ ಹೋವರ್ಡ್ ಮತ್ತು ನ್ಯಾಶ್ವಿಲ್ಲಿನ ಮೆಹಾರಿ ಎರಡೇ ಉಳಿದವು ಎಂಬುದನ್ನೂ ಹೇಳಬೇಕು. ಬಾಗಿಲನ್ನು ಎತ್ತರಿಸಿದಾಗ ಯಾರ ತಲೆಗೆ ಪೆಟ್ಟಾಗುತ್ತದೆ ಎಂಬುದು ಎಲ್ಲ ಕಾಲಕ್ಕೂ ಕೇಳಬೇಕಾದ ಪ್ರಶ್ನೆ.

ಕಾಲೇಜು ಕಡಿಮೆಯಾಗಿ ಅರ್ಜಿ ಹೆಚ್ಚಾದಾಗ ಹೊಸ ತೊಂದರೆ ಕಾಣಿಸಿತು. 1920ರ ದಶಕದಲ್ಲಿ ಸೇರಿದ ವಿದ್ಯಾರ್ಥಿಗಳಲ್ಲಿ ಓದು ಬಿಟ್ಟು ಹೋಗುವವರು ಕೆಲವು ಕಾಲೇಜುಗಳಲ್ಲಿ ಶೇಕಡಾ 5 ಇದ್ದರೆ ಕೆಲವು ಕಡೆ ಶೇಕಡಾ 50! ಒಂದು ಸೀಟು ಅರ್ಧದಲ್ಲಿ ಖಾಲಿಯಾದರೆ ಸಮಾಜಕ್ಕೆ ಒಬ್ಬ ವೈದ್ಯ ನಷ್ಟ. ಇದಕ್ಕೆ ಪರಿಹಾರವಾಗಿ 1928ರಲ್ಲಿ ಮಾಸ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಅರ್ಹತಾ ಪರೀಕ್ಷೆಯನ್ನು ರೂಪಿಸಿದರು. ಅದರ ಸಂತತಿಯೇ ಇಂದಿನ ‘ಎಂಕ್ಯಾಟ್’ ಪರೀಕ್ಷೆ. 1946ರ ಹೊತ್ತಿಗೆ ಓದು ಬಿಡುವವರ ಪ್ರಮಾಣ ಶೇಕಡಾ 7ಕ್ಕೆ ಬಂತು. ಆದ್ದರಿಂದ ಅಂಕಗಳಿಗೆ ಅರ್ಥವೇ ಇಲ್ಲ ಎನ್ನುವವರ ಜೊತೆ ನಾವು ಸೇರಲಾರೆವು. ತೀರ ಕೆಳಗಿನ ಅಂಕ ಒಂದು ಎಚ್ಚರಿಕೆ. ಅದನ್ನು ಕಾಲೇಜುಗಳು ನೋಡುವುದು ತಪ್ಪಲ್ಲ.

ಅಂಕಕ್ಕೆ ಇನ್ನೊಂದು ಗುಣವೂ ಉಂಟು: ಅದು ಬಡವನ, ಪರಿಚಯವಿಲ್ಲದವನ ಗುರಾಣಿ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ದಶಕಗಳಲ್ಲಿ ಅಮೆರಿಕದ ಹಲವು ಮೆಡಿಕಲ್ ಕಾಲೇಜುಗಳು ಯಹೂದಿ ಹುಡುಗರನ್ನು ಗುಟ್ಟಾದ ಮಿತಿ ಹಾಕಿ ತಡೆಯುತ್ತಿದ್ದವು. ಅವರಿಗೆ ಅಂಕಗಳಿಗೆ ಕೊರತೆಯಿರಲಿಲ್ಲ. ಅರ್ಜಿಯಲ್ಲಿ ಧರ್ಮ ಕೇಳಿ, ಭಾವಚಿತ್ರ ಕೇಳಿ, ಸಂದರ್ಶನದಲ್ಲಿ ‘ವ್ಯಕ್ತಿತ್ವ’ ಸಾಲದೆಂದು ಬರೆದರೆ ಮುಗಿಯಿತು. ಅಂಕವೊಂದೇ ಮುಖ್ಯವಲ್ಲ ಎಂಬ ಸೊಗಸಾದ ಮಾತನ್ನು ಬಾಗಿಲು ಮುಚ್ಚಲು ಬಳಸಿದ ಚರಿತ್ರೆಯೂ ಉಂಟು ಎಂಬುದನ್ನು ಮರೆಯಬಾರದು.

ಈಗ ಅಕ್ಕನ ಮಗಳ ಪ್ರಶ್ನೆಗೆ ಬರೋಣ. 1970ರ ಸುಮಾರಿಗೆ ಅಲ್ಲಿನ ಮೆಡಿಕಲ್ ಕಾಲೇಜುಗಳ ಒಕ್ಕೂಟವು ಒಂದೇ ಕೇಂದ್ರಕ್ಕೆ ಅರ್ಜಿ ಹಾಕಿ ಹಲವು ಕಾಲೇಜುಗಳಿಗೆ ಕಳಿಸುವ ವ್ಯವಸ್ಥೆ ಮಾಡಿತು. ಅದರ ಸಂಕ್ಷಿಪ್ತ ಹೆಸರು ‘ಆಮ್ಕಾಸ್’. ಅಲ್ಲಿ ಎ ಶ್ರೇಣಿಗೆ 4 ಅಂಕ, ಬಿಗೆ 3, ಸಿಗೆ 2, ಡಿಗೆ 1, ನಪಾಸು ಅಂದರೆ ಎಫ್‌ಗೆ ಸೊನ್ನೆ. ವಿದ್ಯಾರ್ಥಿ ಒಂದು ವಿಷಯವನ್ನು ಎಷ್ಟು ಸಲ ಓದಿದರೂ ಅಷ್ಟೂ ಸಲದ ಅಂಕಗಳು ಸರಾಸರಿಗೆ ಸೇರುತ್ತವೆ. ಅವನ ಸ್ವಂತ ಕಾಲೇಜು ಹಳೆಯದನ್ನು ತೆಗೆದುಹಾಕಿದ್ದರೂ ಆಮ್ಕಾಸ್ ಅದನ್ನು ಹುಡುಕಿ ಸೇರಿಸಿಕೊಳ್ಳುತ್ತದೆ. ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತ ಈ ನಾಲ್ಕರ ಸರಾಸರಿಯನ್ನು ಬೇರೆಯಾಗಿಯೂ ತೋರಿಸುತ್ತದೆ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಬಾಗಿಲಿತ್ತು. ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯರು 1892ರಲ್ಲಿ ಮಿಸೌರಿ ರಾಜ್ಯದ ಕರ್ಕ್ಸ್ವಿಲ್ಲಿನಲ್ಲಿ ಆರಂಭಿಸಿದ ಆಸ್ಟಿಯೋಪಥಿ ಪಂಥದ ಕಾಲೇಜುಗಳವು. ಮೊದಮೊದಲು ಮೂಳೆ-ಸ್ನಾಯುಗಳ ಚಿಕಿತ್ಸೆಗೆ ಹೆಸರಾದ ಆ ಪಂಥದ ಪದವೀಧರರು ಇಂದು ಅಲ್ಲಿ ಇತರ ವೈದ್ಯರಿಗೆ ಸಮನಾಗಿ ಔಷಧ ಕೊಡುತ್ತಾರೆ, ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಆ ಕಾಲೇಜುಗಳ ಅರ್ಜಿ ಕೇಂದ್ರ ಬಹುಕಾಲ ಒಂದು ಉದಾರ ನಿಯಮ ಇಟ್ಟುಕೊಂಡಿತ್ತು: ಒಂದು ವಿಷಯವನ್ನು ಮತ್ತೆ ಓದಿದರೆ ಕೊನೆಯ ಸಲದ ಅಂಕ ಮಾತ್ರ ಲೆಕ್ಕಕ್ಕೆ.

ಎರಡಕ್ಕೂ ಎಷ್ಟು ವ್ಯತ್ಯಾಸವೆಂದು ಗುಮಾಸ್ತರ ಅಭ್ಯಾಸದಂತೆ ಒಂದು ಲೆಕ್ಕ ಹಾಕಿ ನೋಡಿದೆವು. ಸಮಾನ ತೂಕದ ಹತ್ತು ವಿಷಯಗಳು ಎಂದುಕೊಳ್ಳಿ. ಎಂಟರಲ್ಲಿ ತಲಾ 3.3, ಎರಡರಲ್ಲಿ ಮೊದಲು ಸೊನ್ನೆ, ಮತ್ತೆ ಓದಿದಾಗ ತಲಾ 4. ಆಮ್ಕಾಸ್ ಪ್ರಕಾರ ಒಟ್ಟು 34.4ನ್ನು ಹನ್ನೆರಡರಿಂದ ಭಾಗಿಸಬೇಕು, ಬರುವುದು 2.87. ಆಸ್ಟಿಯೋಪಥಿಯವರ ಹಳೆಯ ನಿಯಮದ ಪ್ರಕಾರ ಅದೇ 34.4ನ್ನು ಹತ್ತರಿಂದ ಭಾಗಿಸಬೇಕು, ಬರುವುದು 3.44. ಹುಡುಗಿ ಒಬ್ಬಳೇ, ತಲೆ ಅದೇ, ಕಲಿತ ರಸಾಯನಶಾಸ್ತ್ರ ಅದೇ. ಒಂದು ಕೌಂಟರಿನಲ್ಲಿ ಅವಳು ಸಾಧಾರಣ, ಪಕ್ಕದ ಕೌಂಟರಿನಲ್ಲಿ ಜಾಣೆ! 2017ರಲ್ಲಿ ಆ ಎರಡನೆಯ ಕೌಂಟರು ಮುಚ್ಚಿತು. ಅಂದಿನಿಂದ ಅವರೂ ಎಲ್ಲ ಪ್ರಯತ್ನಗಳನ್ನೂ ಕೂಡಿಸಿಯೇ ಸರಾಸರಿ ತೆಗೆಯುತ್ತಾರೆ. ಟೆಕ್ಸಾಸ್ ರಾಜ್ಯದಲ್ಲಿ ಮಾತ್ರ ಬೇರೊಂದು ಕಾನೂನಿದೆ. ಹತ್ತು ವರ್ಷ ದಾಟಿದ ಕಾಲೇಜು ಅಂಕಗಳನ್ನು ಗಣನೆಗೆ ತೆಗೆದುಕೊಳ್ಳಬೇಡಿ ಎಂದು ಆ ರಾಜ್ಯದ ನಿವಾಸಿ ಅಲ್ಲಿನ ಸರ್ಕಾರಿ ಕಾಲೇಜುಗಳನ್ನು ಕೋರಬಹುದು. ಆದರೆ ಅರ್ಧಮರ್ಧ ಆಗದು. ಆ ಕಾಲದ ಒಳ್ಳೆಯ ಅಂಕಗಳನ್ನೂ ಬಿಟ್ಟುಕೊಡಬೇಕು.

ಈ ದಶಮಾಂಶಗಳಿಗೆ ಇಷ್ಟೊಂದು ಬೆಲೆ ಬಂದದ್ದೇಕೆ? ಸೀಟು ಕಡಿಮೆ, ಅರ್ಜಿ ಹೆಚ್ಚು, ಅಷ್ಟೇ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಸ್ ಮೆಡಿಕಲ್ ಕಾಲೇಜಿನಲ್ಲಿ 1973ರಲ್ಲಿ 100 ಸೀಟುಗಳಿಗೆ 2,464 ಅರ್ಜಿಗಳು, ಮರುವರ್ಷ 3,737. ಸಾಮಾನ್ಯ ವರ್ಗದಲ್ಲಿ ಸರಾಸರಿ 2.5ಕ್ಕಿಂತ ಕಡಿಮೆಯಿದ್ದವರ ಅರ್ಜಿಯನ್ನು ಅಲ್ಲಿ ಮುಂದಕ್ಕೆ ಕಳಿಸುತ್ತಲೇ ಇರಲಿಲ್ಲ. ಈ ಅಂಕಿಗಳು ನಮಗೆ ಸಿಗುವುದು ಅಲನ್ ಬಾಕಿ ಎಂಬಾತ ಹೂಡಿದ ಪ್ರಸಿದ್ಧ ಮೊಕದ್ದಮೆಯಿಂದ. ಎಂಜಿನಿಯರಾಗಿದ್ದ ಆತ 3.46 ಸರಾಸರಿ ಇದ್ದೂ ಎರಡು ವರ್ಷ ಪ್ರವೇಶ ಸಿಗದೆ, ಹಿಂದುಳಿದವರಿಗೆಂದು 16 ಸೀಟು ಮೀಸಲಿಟ್ಟದ್ದನ್ನು ಪ್ರಶ್ನಿಸಿದ. 1978ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅವನಿಗೆ ಸೀಟು ಕೊಡಿಸಿತು. 1982ರಲ್ಲಿ ಅವನು ಡಾಕ್ಟರಾದ. ಮೀಸಲಾತಿಯ ವಾದ ಇಲ್ಲಿ ಬೇಡ. ಗಮನಿಸಬೇಕಾದದ್ದೆಂದರೆ, 2.5 ಎಂಬ ಗೆರೆ ಸಾವಿರಾರು ಅರ್ಜಿಗಳ ರಾಶಿಯನ್ನು ಬೇಗ ಕರಗಿಸುವ ಸಾಧನವೂ ಆಗಿತ್ತು. ದಿನವೂ ಟಪಾಲು ರಾಶಿಯ ಮುಂದೆ ಕೂರುವ ನಮ್ಮಂಥವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಹಾಗಾದರೆ ಪಟ್ಟಿಯ ಮೇಲಿದ್ದವನು ನಿಜಕ್ಕೂ ಕೆಳಗಿದ್ದವನಿಗಿಂತ ಒಳ್ಳೆಯ ವೈದ್ಯನಾಗುತ್ತಾನೆಯೇ? ಇದನ್ನು ಯಾರೂ ಪರೀಕ್ಷಿಸಿ ನೋಡುವುದಿಲ್ಲ, ಏಕೆಂದರೆ ಕೆಳಗಿದ್ದವನಿಗೆ ಸೀಟೇ ಸಿಕ್ಕಿರುವುದಿಲ್ಲ. ಆದರೆ 1979ರಲ್ಲಿ ಟೆಕ್ಸಾಸಿನ ಹ್ಯೂಸ್ಟನ್ ನಗರದ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಅಕಸ್ಮಾತ್ತಾಗಿ ಈ ಪರೀಕ್ಷೆ ನಡೆದುಹೋಯಿತು. ಕಾಲೇಜು ಸುಮಾರು 800 ಮಂದಿಯನ್ನು ಸಂದರ್ಶಿಸಿ, ಕ್ರಮವಾಗಿ ಪಟ್ಟಿ ಮಾಡಿ, ಮೇಲಿನ 350ರೊಳಗಿನಿಂದ 150 ಮಂದಿಯನ್ನು ತುಂಬಿಕೊಂಡಿತ್ತು. ಅಷ್ಟು ಹೊತ್ತಿಗೆ ರಾಜ್ಯದ ಶಾಸನಸಭೆ ಸೀಟುಗಳನ್ನು 200ಕ್ಕೆ ಏರಿಸಿತು. ಪಟ್ಟಿಯ ನಡುವಿನವರೆಲ್ಲ ಆಗಲೇ ಬೇರೆಡೆ ಸೇರಿಯಾಗಿತ್ತು. ಉಳಿದದ್ದು ಪಟ್ಟಿಯ ಬಾಲ. 700ರಿಂದ 800ರವರೆಗಿನ ಸ್ಥಾನಗಳಿಂದ 50 ಮಂದಿಯನ್ನು ಕರೆಯಬೇಕಾಯಿತು. ಅವರಲ್ಲಿ 43 ಮಂದಿಗೆ ದೇಶದ ಯಾವ ಮೆಡಿಕಲ್ ಕಾಲೇಜೂ ಬಾಗಿಲು ತೆರೆದಿರಲಿಲ್ಲ.

ಮುಂದೇನಾಯಿತು? ಕಾಲೇಜಿನವರೇ ಲೆಕ್ಕವಿಟ್ಟು 1987ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೊದಲ ವರ್ಷಗಳ ಪಾಠದಲ್ಲಿ, ಆಸ್ಪತ್ರೆಯ ವಾರ್ಡಿನಲ್ಲಿ, ಪದವಿಯ ನಂತರದ ಮೊದಲ ವರ್ಷದ ಕೆಲಸದಲ್ಲಿ, ಎಲ್ಲಿಯೂ ಆ 50 ಮಂದಿಗೂ ಮೊದಲು ಆಯ್ಕೆಯಾದವರಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಓದು ಬಿಟ್ಟವರ ಪ್ರಮಾಣದಲ್ಲಿಯೂ ಇಲ್ಲ. ಪಟ್ಟಿಯಲ್ಲಿ ಅವರನ್ನು ಅಷ್ಟು ಕೆಳಗೆ ತಳ್ಳಿದ್ದು ಅಂಕಗಳಿಗಿಂತ ಹೆಚ್ಚಾಗಿ ಸಂದರ್ಶಕರ ಅಭಿಪ್ರಾಯ ಎಂಬುದೂ ತಿಳಿದುಬಂತು. ಅಂದರೆ, ಒಂದು ಮಟ್ಟವನ್ನು ದಾಟಿದ ಮೇಲೆ ಯಾರು ಮುಂದೆ, ಯಾರು ಹಿಂದೆ ಎಂಬ ನಮ್ಮ ಪಟ್ಟಿಗಳೆಲ್ಲ ನಾವು ತಿಳಿದಷ್ಟು ಗಟ್ಟಿಯಲ್ಲ.

ನಮ್ಮ ದೇಶದ ಚರಿತ್ರೆಯಲ್ಲಿಯೂ ಇದೇ ತೂಗುಯ್ಯಾಲೆ ಕಾಣುತ್ತದೆ. 1960ರ ದಶಕದ ಆರಂಭದಲ್ಲಿ ಆಗಿನ ಮೈಸೂರು ಸರ್ಕಾರವು ಎಂಜಿನಿಯರಿಂಗ್, ಮೆಡಿಕಲ್ ಪ್ರವೇಶಕ್ಕೆ ಅಂಕಗಳ ಜೊತೆಗೆ ಸಂದರ್ಶನವನ್ನೂ ಇಟ್ಟಿತು. ಸಂದರ್ಶನದ ತೂಕ ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇಕಡಾ 25. ಅಂಕವಿದ್ದೂ ಸಂದರ್ಶನದಲ್ಲಿ ಕೆಳಗಾದವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಆರ್. ಚಿತ್ರಲೇಖಾ ಅವರ ಮೊಕದ್ದಮೆಯಲ್ಲಿ 1964ರಲ್ಲಿ ಸುಪ್ರೀಂ ಕೋರ್ಟು ಸಂದರ್ಶನ ಪದ್ಧತಿಯನ್ನು ಎತ್ತಿಹಿಡಿಯಿತು. ಆದರೂ ಸಂದರ್ಶನವೆಂದರೆ ವಶೀಲಿ ಎಂಬ ಜನರ ಅನುಮಾನ ಹೋಗಲಿಲ್ಲ. ಕೊನೆಗೆ ದೇಶ ಇನ್ನೊಂದು ತುದಿಗೆ ಬಂದು ನಿಂತಿದೆ: ಎಂ.ಬಿ.ಬಿ.ಎಸ್.ಗೆ ಒಂದೇ ಪರೀಕ್ಷೆ, ಒಂದೇ ಅಂಕ. ಈ ‘ನೀಟ್’ ಪರೀಕ್ಷೆಯಲ್ಲಿ ಹಿಂದಿನ ಸಲ ಎಷ್ಟು ಬಂದಿತ್ತೆಂದು ಯಾರೂ ಕೇಳುವುದಿಲ್ಲ. 2017ರಲ್ಲಿ ಮೂರೇ ಪ್ರಯತ್ನ ಎಂಬ ಮಿತಿಯ ಮಾತು ಬಂದಿತ್ತು, ಅದು ನಿಲ್ಲಲಿಲ್ಲ. 2022ರಲ್ಲಿ ಗರಿಷ್ಠ ವಯೋಮಿತಿಯೂ ಹೋಯಿತು. ಅಮೆರಿಕದವರು ಏನನ್ನೂ ಮರೆಯುವುದಿಲ್ಲ, ನಾವು ಎಲ್ಲವನ್ನೂ ಮರೆಯುತ್ತೇವೆ. ಅಲ್ಲಿ ಒಂದು ಕೆಟ್ಟ ವರ್ಷ ನಾಲ್ಕು ವರ್ಷ ಹಿಂಬಾಲಿಸುತ್ತದೆ. ಇಲ್ಲಿ ನಾಲ್ಕು ವರ್ಷದ ಶ್ರಮ ಒಂದು ಮಧ್ಯಾಹ್ನದ ಜ್ವರಕ್ಕೆ ಸಿಕ್ಕಿ ಹಾಳಾಗಬಹುದು. ಯಾವುದು ಹೆಚ್ಚು ಕ್ರೂರವೆಂದು ಹೇಳುವುದು ಕಷ್ಟ.

ನಮ್ಮ ಕಚೇರಿಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕೆನಿಸುತ್ತದೆ. ನೌಕರನ ಸೇವಾ ಪುಸ್ತಕದಲ್ಲಿ ತಪ್ಪು ಬರಹ ಬಿದ್ದರೆ ಬ್ಲೇಡಿನಿಂದ ಹೆರೆಯುವಂತಿಲ್ಲ, ಬಿಳಿ ಬಣ್ಣ ಬಳಿಯುವಂತಿಲ್ಲ. ಅದರ ಮೇಲೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಅಧಿಕಾರಿಯ ಸಹಿ ಹಾಕಿಸಬೇಕು. ಹಳೆಯದೂ ಕಾಣಬೇಕು, ಹೊಸದೂ ಕಾಣಬೇಕು. ಆದರೆ ಸಂಬಳ ಲೆಕ್ಕ ಹಾಕುವಾಗ ಹಳೆಯ ತಪ್ಪು ಮತ್ತು ಹೊಸ ಸರಿ ಇವೆರಡರ ಸರಾಸರಿ ತೆಗೆಯುವ ಗುಮಾಸ್ತನನ್ನು ನಾವು ಇದುವರೆಗೆ ಕಂಡಿಲ್ಲ! ಅಂಕಗಳ ವಿಷಯದಲ್ಲಿಯೂ ಇದೇ ನ್ಯಾಯವೆಂದು ನಮ್ಮ ಅಭಿಪ್ರಾಯ. ಬಿದ್ದದ್ದನ್ನು ಮುಚ್ಚಿಡುವುದು ಬೇಡ. ಎದ್ದದ್ದನ್ನು ಅದರೊಂದಿಗೆ ಕಲಸಿ ಅರ್ಧ ಮಾಡುವುದೂ ಬೇಡ.

ಅಕ್ಕನ ಮಗಳಿಗೆ ಓದಿ ತಿಳಿದದ್ದನ್ನೆಲ್ಲ ಹೇಳಿದೆವು. ಆಮ್ಕಾಸ್ ಅರ್ಜಿಯಲ್ಲಿ ಪ್ರತಿ ವರ್ಷದ ಸರಾಸರಿ ಬೇರೆ ಬೇರೆಯಾಗಿಯೂ ಕಾಣುತ್ತದೆ. ಎರಡನೆಯ ವರ್ಷ ಬಿದ್ದವಳು ಮೂರು, ನಾಲ್ಕನೆಯ ವರ್ಷದಲ್ಲಿ ಏರಿದರೆ ಓದುವವರ ಕಣ್ಣಿಗೆ ಅದು ಬೀಳದೆ ಇರದು. ಅಂಕ ಸಾಲದವರು ಮೆಡಿಕಲ್ ಮೊದಲ ವರ್ಷದ ಪಾಠಗಳನ್ನೇ ಓದಿ ತಮ್ಮ ಶಕ್ತಿ ತೋರಿಸಲು ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಇರುವಂಥ ವಿಶೇಷ ಸ್ನಾತಕೋತ್ತರ ತರಗತಿಗಳೂ ಉಂಟು. ದಾರಿ ಉದ್ದವಾಯಿತು, ಖರ್ಚೂ ಹೆಚ್ಚಾಯಿತು, ಮುಚ್ಚಿಹೋಗಲಿಲ್ಲ. ಅವಳು ಈಗ ಆ ವಿಷಯವನ್ನು ಮತ್ತೆ ಓದುತ್ತಿದ್ದಾಳೆ.

ಇನ್ನು ನಮ್ಮ 31ರ ವಿಷಯ. ಅಕ್ಟೋಬರಿನಲ್ಲಿ ಮತ್ತೆ ಬರೆದು 58 ತಂದೆವು. ಪದವಿಯೂ ಎರಡನೆಯ ದರ್ಜೆಯಲ್ಲಿ ಆಯಿತು. ಎಂ.ಎಸ್ಸಿ. ಓದಬೇಕೆಂಬ ಆಸೆ ಬಹಳವಿತ್ತು. ಅರ್ಜಿ ನಮೂನೆ ತಂದು ವಾರಗಟ್ಟಲೆ ಪೆಟ್ಟಿಗೆಯಲ್ಲಿ ಇಟ್ಟುಕೊಂಡೆವು. ಮಾರ್ಕ್ಸ್ ಕಾರ್ಡು ನೋಡುವ ಗುಮಾಸ್ತ ‘ಎರಡನೆಯ ಪ್ರಯತ್ನ’ ಎಂಬುದನ್ನು ಓದಿ ನಗುತ್ತಾನೆಂದು ಹೆದರಿ ಕೊನೆಯ ದಿನ ದಾಟಿಸಿಬಿಟ್ಟೆವು. ಆ ವರ್ಷವೇ ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಪರೀಕ್ಷೆ ಬರೆದು ಮುಂಬಯಿಗೆ ಬಂದೆವು. ನೌಕರಿ ಅನ್ನ ಕೊಟ್ಟಿದೆ, ದೂರಿಲ್ಲ. ಆದರೆ ನಮ್ಮನ್ನು ಬೇಡವೆಂದವರು ಯಾರೂ ಇರಲಿಲ್ಲ. ಆ 31ಕ್ಕೆ ಆರು ತಿಂಗಳ ಆಯುಷ್ಯವಿತ್ತು. ಇಷ್ಟು ವರ್ಷ ಅದನ್ನು ಸಾಕಿದವರು ನಾವೇ. ಇಂದು ಮಾರ್ಕ್ಸ್ ಕಾರ್ಡುಗಳನ್ನು ಪರಿಶೀಲಿಸುವ ಗುಮಾಸ್ತ ಸ್ವತಃ ನಾವೇ ಆಗಿದ್ದೇವೆ. ಯಾರ ಎರಡನೆಯ ಪ್ರಯತ್ನವನ್ನು ಓದಿಯೂ ನಮಗೆ ನಗು ಬಂದಿಲ್ಲ.

ಮುಂದಿನ ಭಾನುವಾರ ಆ ಕುಟುಂಬದ ಮನೆಗೆ ಹೋದೆವು. ಕಾಫಿ ಕುಡಿಯುತ್ತ ಊರಿನ ಮಳೆ, ಸಂಘದ ಲೆಕ್ಕ ಎಲ್ಲ ಮಾತಾಡಿದ ಮೇಲೆ, ಒಳಗೆ ಕೂತಿದ್ದ ಹುಡುಗನಿಗೆ ಕೇಳುವಂತೆ ನಮ್ಮ 31ರ ಕಥೆ ಹೇಳಿದೆವು. ಸ್ವಲ್ಪ ಹೊತ್ತಿಗೆ ಅವನು ಬಾಗಿಲ ಬಳಿ ಬಂದು ನಿಂತ. “ಅಂಕಲ್, ಎರಡನೇ ಸಲ ಎಷ್ಟು ಬಂತು?” ಎಂದು ಕೇಳಿದ. ಹೇಳಿದೆವು. ಅವನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಂದು ಲೋಟ ಕಾಫಿ ತಂದರು.

ಸಂಘದ ಕಾರ್ಯಕಾರಿ ಸಮಿತಿಗೆ ನಮ್ಮದೊಂದು ವಿನಂತಿ. ಹೆಚ್ಚು ಅಂಕದವರನ್ನು ಸನ್ಮಾನಿಸಿ, ಅದು ಅವರ ಶ್ರಮಕ್ಕೆ ಸಲ್ಲಬೇಕಾದದ್ದೇ. ಆದರೆ ಬರುವ ರಾಜ್ಯೋತ್ಸವದಿಂದ, ನಪಾಸಾದ ವಿಷಯವನ್ನು ಮತ್ತೆ ಬರೆದು ಪಾಸು ಮಾಡಿದ ಮಕ್ಕಳಿಗೂ, ಅವರ ಒಪ್ಪಿಗೆಯಿದ್ದರೆ, ಅದೇ ವೇದಿಕೆಯ ಮೇಲೆ ಒಂದು ಪುಸ್ತಕ ಕೊಡುವಂತಾಗಲಿ. ಪುಸ್ತಕಗಳ ಖರ್ಚಿಗೆ ನಮ್ಮ ಪಾಲನ್ನು ಈ ತಿಂಗಳ ಚಂದಾದೊಂದಿಗೆ ಖಜಾಂಚಿಯವರಿಗೆ ತಲುಪಿಸಿದ್ದೇವೆ.